ಕಠ್ಮಂಡುವಿನಲ್ಲಿ ನನ್ನ ಬಟ್ಟಿ ಬಿದ್ದದ್ದು

ಹೆಣ್ಣು ಕೂಸು! ನಿನ್ನೆ ಮುಂಜಾನೆ ರಾಯಚೂರಿನ ಆಸ್ಪತ್ರೆಯಲ್ಲಿ ನನ್ನ ಮಗಳು ಮಹಾದೇವಿ ಹೆಣ್ಣು ಹಡೆದಳು. ಮದುವೆಯಾಗಿ ಏಳು ವರ್ಷದ ಮೇಲೆ! ತಲೆ ತುಂಬ ಕೂದಲು, ಕೆಂಪಗೆ ಕುಂಕುಮದ ಹಾಗೆ ಬಣ್ಣ, ಮೂಗು ಥೇಟ್ ನನ್ನದು. ನನ್ನ ಬೀಗತಿ ನೀಲಮ್ಮ, ಅಂದರೆ ಅಳಿಯನ ತಾಯಿ, ಆ ಮೂಗು ತನ್ನದು ಅನ್ನುತ್ತಾಳೆ. ಅನ್ನಲಿ. ಕನ್ನಡಿ ಇಬ್ಬರ ಮನೆಯಲ್ಲೂ ಇದೆ.

ಆ ಕೂಸನ್ನು ಈ ಎರಡು ಕೈಯಲ್ಲಿ ಎತ್ತಿಕೊಂಡೆನಲ್ಲ, ಅದು ಹೇಗೆ ಸಾಧ್ಯವಾಯಿತು ಎಂದು ಹೇಳಬೇಕಾಗಿದೆ. ಯಾಕೆಂದರೆ ನಾನು ನಾಲ್ಕು ತಿಂಗಳ ಹಿಂದೆಯೇ ಸಾಯಬೇಕಾಗಿತ್ತು, ಅದೂ ಪರದೇಶದಲ್ಲಿ. ನಿನ್ನೆ ಹೆರಿಗೆ ಕೋಣೆಯ ಮುಂದಿನ ಪಡಸಾಲೆಯಲ್ಲಿ ಕೂತಾಗ ಅಲ್ಲಿದ್ದ ಹೆಂಗಸರಿಗೆಲ್ಲ ಈ ಕಥೆ ಹೇಳಿದೆ. ಒಬ್ಬಾಕೆ ನಕ್ಕು ನಕ್ಕು ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಅವಳೇ ಮೆಲ್ಲಗೆ, "ಯವ್ವಾ, ನನಗೂ ಹೊಟ್ಟಿ ನೋವು ಬರಾಕತ್ತು ಆರು ತಿಂಗಳಾತು, ಮನ್ಯಾಗ ಯಾರಿಗೂ ಹೇಳಿಲ್ಲ" ಅಂದಳು. ಅಂಥವರು ಎಷ್ಟು ಮಂದಿ ಇದ್ದಾರೋ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಐಗಳ ಸಾಲೆಯಲ್ಲಿ ಮೂರು ವರ್ಷ ಕಲಿತವಳು. ಅಕ್ಷರ ಡೊಂಕಾಗಿದ್ದರೆ ನೇರ ಮಾಡಿಕೊಂಡು ಓದಿರಿ.

ಮೊದಲು ನನ್ನ ದೊಡ್ಡಸ್ತಿಕೆ ಹೇಳಿಬಿಡುತ್ತೇನೆ. ಮಾನ್ವಿಯಲ್ಲಿ ಗಿರಣಿ ಗೌರಮ್ಮ ಅಂದರೆ ಯಾರಾದರೂ ಮನೆ ತೋರಿಸುತ್ತಾರೆ. ಹಿಟ್ಟಿನ ಗಿರಣಿ ನಮ್ಮ ಯಜಮಾನರು ವೀರಭದ್ರಪ್ಪನವರದು, ಹೆಸರು ಮಾತ್ರ ನನ್ನದು. ಕಾರಣ, ನಾನು ಬಟ್ಟಿ ತೆಗೆಯುವವಳು. ಭಾರ ಎತ್ತಿದಾಗ, ಎಡವಿದಾಗ ಹೊಕ್ಕಳಿನ ಕೆಳಗೆ ಮಿಡಿಯುವ ನಾಡಿ ತನ್ನ ಜಾಗ ಬಿಟ್ಟು ಸರಿಯುತ್ತದೆ. ಅದಕ್ಕೆ ಬಟ್ಟಿ ಬಿತ್ತು ಅನ್ನುತ್ತೇವೆ. ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಎಣ್ಣೆ ಹಚ್ಚಿ ನೀವಿ, ಕಾಲಿನ ಹೆಬ್ಬೆರಳು ಜಗ್ಗಿ, ಹೊಕ್ಕಳ ಮೇಲೆ ಸಣ್ಣ ದೀಪ ಇಟ್ಟು ಅದರ ಮೇಲೆ ಲೋಟ ಬೋರಲು ಹಾಕಿದರೆ, ದೀಪ ಆರಿ ಲೋಟ ಹೊಟ್ಟೆಯನ್ನು ಹೀರಿ ಹಿಡಿಯುತ್ತದೆ. ಬಟ್ಟಿ ಜಾಗಕ್ಕೆ ಬರುತ್ತದೆ. ಮೂವತ್ತು ವರ್ಷದಿಂದ ಹಮಾಲರು, ಬಸುರಿಯರು, ಒಮ್ಮೆ ಒಬ್ಬ ಪೊಲೀಸರ ಜಮಾದಾರರು ಕೂಡ ನಮ್ಮ ಪಡಸಾಲೆಯಲ್ಲಿ ಅಂಗಿ ಎತ್ತಿ ಮಲಗಿದ್ದಾರೆ. ಆಸ್ಪತ್ರೆ ಎಂದರೆ ನನಗೆ ನಗು. ಹೊಟ್ಟೆಯ ಮಾತಿಗೆ ನನ್ನ ಮಾತೇ ಕಡೆ ಎಂದು ತಿಳಿದಿದ್ದೆ.

ಮಹಾದೇವಿಗೆ ಐದು ತಿಂಗಳು ತುಂಬಿದಾಗ ನಾವೂ ಬೀಗರೂ ಕೂಡಿ ಹರಕೆ ತೀರಿಸಲು ಹೊರಟೆವು. ಬೀಗರು ದೇವದುರ್ಗದವರು. ಬೀಗಪ್ಪನವರಿಗೆ ಬಸ್ಸಿನಲ್ಲಿ ಕೂತರೆ ವಾಂತಿ, ಆದ್ದರಿಂದ ನೀಲಮ್ಮ ಒಬ್ಬಳೇ ನಮ್ಮ ಜೊತೆ ಬಂದಳು. ರಾಯಚೂರಿನಿಂದ ಯಾತ್ರೆಯ ಬಸ್ಸು. ಒಳಗೆ ಮೂವತ್ತು ಮಂದಿ, ಮೇಲೆ ಅಡುಗೆಯ ಪಾತ್ರೆ, ಕಟ್ಟಿಗೆ, ಜೋಳದ ಹಿಟ್ಟಿನ ಚೀಲ. ಡ್ರೈವರ್ ಮೈಬೂಬ, ರಾಯಚೂರಿನವನೇ. ಕಾಶಿ ಆಯಿತು, ಮುಂದೆ ಪಶುಪತಿನಾಥ. ದಾರಿಯಲ್ಲಿ ಒಂದು ಕಡೆ ಬಸ್ಸು ನಿಂತಿತು, ಟೋಪಿ ಹಾಕಿದ ಒಬ್ಬಾತ ಒಳಗೆ ಇಣುಕಿ ನಮ್ಮನ್ನೂ ನಮ್ಮ ಹಿಟ್ಟಿನ ಚೀಲವನ್ನೂ ನೋಡಿ ಇಳಿದುಹೋದ. ಮೈಬೂಬ ಹಿಂದೆ ತಿರುಗಿ, "ಎಲ್ಲಾರೂ ಗಡಿಯಾರ ಹತ್ತು ನಿಮಿಷ ಮುಂದ ಮಾಡ್ಕೋರಿ, ದೇಶ ಬದಲಾತು" ಅಂದ. ನಮ್ಮ ಯಜಮಾನರು, "ಹತ್ತು ನಿಮಿಷಕ್ಕೆಲ್ಲ ಎಲ್ಲೆರ ದೇಶ ಬದಲಾಗ್ತದೇನೋ ಮಾರಾಯ" ಎಂದು ಗಡಿಯಾರ ಮುಟ್ಟಲೇ ಇಲ್ಲ.

ಕಠ್ಮಂಡುವಿನಲ್ಲಿ ಧರ್ಮಶಾಲೆ ಸೇರಿದ ಸಂಜೆಯೇ ಹೊಕ್ಕಳ ಸುತ್ತ ನೋವು ಶುರುವಾಯಿತು. ಮರುದಿನ ನಸುಕಿಗೆ ದೇವರ ದರ್ಶನ ಹೇಗೋ ಮಾಡಿದೆ. ಗುಡಿಯ ಹಿಂದೆ ಹೊಳೆಯ ದಂಡೆಗೆ ಸಾಲಾಗಿ ಹೆಣ ಸುಡುತ್ತಿದ್ದರು. ಅದನ್ನು ನೋಡಲಾರದೆ ಮುಖಕ್ಕೆ ಸೆರಗು ಹಿಡಿದು ನಡೆದೆ. ಧರ್ಮಶಾಲೆಗೆ ಬಂದವಳೇ ಚಾಪೆಯ ಮೇಲೆ ಬಿದ್ದೆ. ನೋವು ಬಲಗಡೆ ಕೆಳಗೆ ಇಳಿದು ಅಲ್ಲೇ ಮನೆ ಮಾಡಿತ್ತು. ಮೈ ಬಿಸಿ, ವಾಂತಿ.

"ದವಾಖಾನಿಗೆ ಹೋಗೋಣು ನಡೀರಿ" ಅಂದಳು ನೀಲಮ್ಮ.

"ಏನೂ ಬ್ಯಾಡ. ಬಟ್ಟಿ ಬಿದ್ದದ. ನಾ ಹೇಳಿದಂಗ ಮಾಡ್ರಿ, ಅರ್ಧ ತಾಸಿನ್ಯಾಗ ಎದ್ದು ರೊಟ್ಟಿ ಬಡೀತೀನಿ."

ಮಾಡುವವರು ಯಾರು? ನನ್ನ ಬಟ್ಟಿ ನಾನೇ ತೆಗೆದುಕೊಳ್ಳಲು ಆಗುವುದಿಲ್ಲ. ನೀಲಮ್ಮ ಸೆರಗು ಕಟ್ಟಿದಳು. ನಾನು ಮಲಗಿದಲ್ಲಿಂದಲೇ ಹುಕುಂ ಕೊಡತೊಡಗಿದೆ.

"ಎಣ್ಣಿ ಕಡಿಮಿ ಹಚ್ರಿ, ಬಜಿ ಕರಿಯಾಕತ್ತೀರೇನು? ಹೆಬ್ಬಟ್ಟು ಹೊಕ್ಕಳ ಮ್ಯಾಲೆ ಊರ್ರಿ. ಅಲ್ಲಲ್ಲ, ಅದು ಪಕಡಿ, ಪಕ್ಕಿ ಎಲುಬು!"

"ಪಕಡಿ ಯಾವುದು ಹೊಕ್ಕಳ ಯಾವುದು ನನಗೂ ಗೊತ್ತದ, ನಾನೂ ನಾಕು ಹಡದೀನಿ. ಸುಮ್ಮನ ಮಲಗ್ರಿ" ಅಂದಳು ನೀಲಮ್ಮ.

ಯಜಮಾನರು ಒಂದು ಹೆಬ್ಬೆರಳು, ಬಸ್ಸಿನ ಅಡುಗೆಯವನು ಮುದುಕಪ್ಪ ಇನ್ನೊಂದು ಹೆಬ್ಬೆರಳು ಹಿಡಿದು ಜಗ್ಗಿದರು. ಜೀವ ಹಿಡಿದು ಜಗ್ಗಿದಂತಾಯಿತು. ಬಸ್ಸಿನ ಹೆಂಗಸರೆಲ್ಲ ಸುತ್ತ ನಿಂತು ತಲೆಗೊಂದು ಸಲಹೆ. ಕಡೆಗೆ ದೀಪ ಹಚ್ಚಿ ಸ್ಟೀಲಿನ ಲೋಟ ಬೋರಲು ಹಾಕಿದರು. ಲೋಟ ಗಟ್ಟಿಯಾಗಿ ಹಿಡಿಯಿತು. ನೀಲಮ್ಮ ಲೋಟ ಕಿತ್ತಿದ್ದೇ ತಡ, ನಾನು ಹಾಕಿದ ಕೂಗಿಗೆ ಹೊರಗೆ ಬಸ್ಸು ತೊಳೆಯುತ್ತಿದ್ದ ಮೈಬೂಬ ಬಕೆಟ್ ಹಿಡಿದುಕೊಂಡೇ ಓಡಿಬಂದ.

ಅವನು ನನ್ನ ಮುಖ ನೋಡಿದ, ಹಣೆ ಮುಟ್ಟಿದ. "ಯವ್ವಾ, ನಮ್ಮ ಚಾಚಾಗ ಹಿಂಗ ಆಗಿತ್ತು. ಬಟ್ಟಿ ಪಟ್ಟಿ ಆಮ್ಯಾಲ ನೋಡೋಣು. ಏಳ್ರಿ."

"ಬ್ಯಾಡಪ್ಪಾ, ಇನ್ನೊಂದ್ಸಲ ಲೋಟ..."

"ಲೋಟ ಚಹಾ ಕುಡ್ಯಾಕ ಇಟ್ಕೋರಿ" ಎಂದವನೇ ಚಾಪೆಯ ಸಮೇತ ನನ್ನನ್ನು ಎತ್ತಿಸಿ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿದ. ಮೂವತ್ತು ಮಂದಿಯೂ ಹತ್ತಿಬಿಟ್ಟರು. ಯಾತ್ರೆಯಲ್ಲಿ ಯಾವ ಸ್ಥಳವನ್ನೂ ಬಿಡಬಾರದು ಎಂದು ಅವರ ನಿಯಮ. ಹೀಗಾಗಿ ಪಶುಪತಿನಾಥದ ನಂತರ ನಮ್ಮ ಯಾತ್ರೆಯ ಮುಂದಿನ ಸ್ಥಳ ಕಠ್ಮಂಡುವಿನ ದೊಡ್ಡ ಆಸ್ಪತ್ರೆ.

ಅಲ್ಲಿ ಕಿಟಕಿಯ ಹಿಂದೆ ಕೂತ ಗುಮಾಸ್ತ ಹಿಂದಿಯಲ್ಲಿ ಕೇಳಿದ್ದನ್ನು ಮೈಬೂಬ ಕನ್ನಡಕ್ಕೆ ತಂದ. "ಯಾವ ದೇಶ ಅಂತ ಕೇಳ್ತಾನ್ರಿ."

"ಮಾನ್ವಿ" ಅಂದರು ಯಜಮಾನರು.

"ದೇಶರೀ, ದೇಶ."

"ಮಾನ್ವಿ ತಾಲೂಕು, ರಾಯಚೂರು ಜಿಲ್ಲಾ."

ಆಗ ಮೈಬೂಬ ನಿಧಾನವಾಗಿ ವಿವರಿಸಿದ: ಇದು ನೇಪಾಳ, ಬೇರೆ ರಾಜ, ಬೇರೆ ದೇಶ, ನಾವಿಲ್ಲಿ ಹೊರಗಿನವರು. ಯಜಮಾನರ ಮುಖ ಬಿಳಿಚಿತು. ಕೈಗಡಿಯಾರ ಬಿಚ್ಚಿ ಹತ್ತು ನಿಮಿಷ ಮುಂದೆ ಮಾಡಿದರು. ಬೆಂಚಿನ ಮೇಲೆ ಮಲಗಿದ್ದ ನನಗೂ ಅದು ಕೇಳಿಸಿತು. ಅಲ್ಲಿಯವರೆಗೆ ನೋವು ಮಾತ್ರ ಇತ್ತು, ಆಗ ಹೆದರಿಕೆ ಬಂತು. ನಮ್ಮೂರ ನೋವಾದರೆ ನಮ್ಮೂರ ಜನರಿಗೆ ಗೊತ್ತಿರುತ್ತದೆ. ಈ ಊರಲ್ಲಿ ನಾನು ಯಾರು? ನನ್ನ ಕೈಗುಣ ಯಾರಿಗೆ ಗೊತ್ತು?

ಡಾಕ್ಟರು ಸಣ್ಣ ವಯಸ್ಸಿನವರು. ಹೊಟ್ಟೆ ನೋಡಿ ಗಾಬರಿಯಾದರು. ಹೊಕ್ಕಳ ಸುತ್ತ ಕೆಂಪಗೆ, ಕಂಪಾಸಿನಲ್ಲಿ ಎಳೆದಂಥ ದುಂಡನೆಯ ಗುರುತು. ಇನ್ನೊಬ್ಬ ಡಾಕ್ಟರನ್ನು ಕರೆದರು. ಅವರು ಮತ್ತೊಬ್ಬ ದೊಡ್ಡ ಡಾಕ್ಟರನ್ನು ಕರೆದರು. ಮೂವರೂ ಬಗ್ಗಿ ನೋಡಿದರು. ಇಂಥ ರೋಗ ಅವರ ಪುಸ್ತಕದಲ್ಲಿ ಇರಲಿಲ್ಲ. ಕಡೆಗೆ ನೀಲಮ್ಮ ಚೀಲದಿಂದ ಸ್ಟೀಲಿನ ಲೋಟ ತೆಗೆದು ಆ ಗುರುತಿನ ಮೇಲೆ ಇಟ್ಟು ತೋರಿಸಿದಳು. ಸರಿಯಾಗಿ ಕೂತಿತು. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನಗುವೋ ದುಃಖವೋ ತಿಳಿಯಲಿಲ್ಲ.

ಆಮೇಲೆ ಅವರು ಬಲಗಡೆ ಕೆಳಗೆ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ, ಚಟ್ಟನೆ ಬಿಟ್ಟರು. ಒತ್ತಿದಾಗಿನದಕ್ಕಿಂತ ಬಿಟ್ಟಾಗ ಹೆಚ್ಚು ನೋವು! ಮೂವತ್ತು ವರ್ಷ ಊರ ಹೊಟ್ಟೆಯನ್ನೆಲ್ಲ ಒತ್ತಿದ್ದೇನೆ, ಬಿಡುವುದರಲ್ಲಿ ಏನೋ ತಿಳಿಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೈಬೂಬ ಡಾಕ್ಟರ ಮಾತು ಹೇಳಿದ: ಕರುಳಿನ ಬಾಲ ಬಾತಿದೆ, ಅಪೆಂಡಿಕ್ಸು. ಇವತ್ತೇ ಕೊಯ್ಯಬೇಕು. ಒಡೆದರೆ ಉಳಿಯುವುದು ಕಷ್ಟ. ಜಗ್ಗಾಡಿ ಲೋಟ ಹಾಕಿದರೂ ಒಡೆಯದೆ ಇದ್ದದ್ದೇ ದೊಡ್ಡದು.

"ಕೊಯ್ಸಂಗಿಲ್ಲ" ಅಂದೆ ನಾನು. "ಮಾನ್ವಿಗೆ ಕರಕೊಂಡು ಹೋಗ್ರಿ. ಇಲ್ಲಿ ಸತ್ರ ಆ ಹೊಳಿ ದಂಡಿಗೆ ಒಯ್ದು ಸುಟ್ಟುಬಿಡ್ತಾರ. ನಮ್ಮವ್ವ ನಮ್ಮಪ್ಪ ಎಲ್ಲಾರೂ ಮಣ್ಣಾಗ ಕುಂತಾರ, ನಾನೊಬ್ಬಾಕಿ ಹೊಗಿ ಆಗಿ ಹೋಗ್ಬೇಕೇನು?" ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಬೆಳಿಗ್ಗೆ ಕಂಡ ಆ ಬೆಂಕಿ ಕಣ್ಣಿಂದ ಹೋಗಿರಲಿಲ್ಲ. ಯಜಮಾನರ ಕೈ ಹಿಡಿದು, "ಸತ್ರ ಸೀಟಿನ ಮ್ಯಾಲೆ ಕೂಡಿಸಿಕೊಂಡು ಒಯ್ತೀನಂತ ಆಣಿ ಮಾಡ್ರಿ" ಅಂದೆ. ಅವರು ಬಾಯಿಗೆ ಟವೆಲ್ ಹಿಡಿದು ಅಳುತ್ತಿದ್ದರು. ಮೈಬೂಬ ಹೇಳಿದ, "ಯವ್ವಾ, ಹೋಗೂ ಮುಂದ ಬರೂ ಮುಂದ ನಿಮ್ಮ ಸೀಟು ಪಕ್ಕಾ ಅದ. ಕುಂತೇ ಬರ್ರಿ. ಆದ್ರ ಮಾತಾಡಿಕೋತ ಬರ್ರಿ, ಮೂರು ದಿನದ ಹಾದಿ, ನನಗ ನಿದ್ದಿ ಬರ್ತದ."

ಆದರೂ ನಾನು ಒಲ್ಲೆ ಅಂದೆ. ಆಗ ನೀಲಮ್ಮ ಮುಂದೆ ಬಂದಳು. ಏಳು ವರ್ಷ ನನಗೆ ರೀ ಹಚ್ಚಿ ಮಾತಾಡಿದವಳು ಒಮ್ಮೆಗೇ ಏಕವಚನಕ್ಕೆ ಇಳಿದಳು.

"ನೋಡಬೇ ಗೌರವ್ವ. ಮಹಾದೇವಿಗೆ ಈಗ ಐದು ತಿಂಗಳು. ಚೊಚ್ಚಲ ಬಾಣಂತನ ತವರುಮನಿದು. ನೀ ಇಲ್ಲಿ ಸತ್ರ ಯಾರು ಮಾಡಾವ್ರು? ನಾ ಮಾಡಾಂಗಿಲ್ಲ ನೋಡು, ಪದ್ಧತಿ ಇಲ್ಲ. ಬಾಣಂತಿಗೆ ನಿನ್ನ ಗಂಡನ ಕೈಲೆ ಎಣ್ಣಿ ಹಚ್ಚಸ್ತೀಯೇನು? ಕೂಸಿಗೆ ನೀರು ಹಾಕಸ್ತೀಯೇನು? ಗಿರಣ್ಯಾಗ ಹಿಟ್ಟು ಬೀಸಿದಂಗ ಬೀಸಿಬಿಡ್ತಾನ ಆ ಕೂಸನ್ನ!"

ಯಜಮಾನರು ಅಳುತ್ತಲೇ ಹೌದೆಂದು ತಲೆ ಆಡಿಸಿದರು.

ಏಳು ವರ್ಷ ಕಾದ ಬಸುರು. ನನ್ನ ಮಗಳು ಬಸುರಿ, ತವರಿನಲ್ಲಿ ತಾಯಿ ಇಲ್ಲ, ಅಂಥ ಮನೆಗೆ ಅವಳು ಹೆರಿಗೆಗೆ ಬರುತ್ತಾಳೆ. ಅದು ಕಣ್ಣ ಮುಂದೆ ಬಂತು. ಸುಡುವ ಹೆದರಿಕೆಗಿಂತ ಇದು ದೊಡ್ಡದಾಯಿತು. "ಕೊಯ್ಯಲಿ" ಅಂದೆ.

ಇಷ್ಟಕ್ಕೆ ಮುಗಿಯಲಿಲ್ಲ. ಮಾಯಾ ಎಂಬ ನರ್ಸು ಮೈಮೇಲಿನದೆಲ್ಲ ತೆಗೆಯಬೇಕು ಎಂದು ಕೈಸನ್ನೆ ಮಾಡಿದಳು. ಮೂಗುಬೊಟ್ಟು ತೆಗೆದೆ. ತಾಳಿ ತೆಗೆದು ಯಜಮಾನರಿಗೆ ಕೊಟ್ಟೆ. ಎಲ್ಲಿಡಬೇಕೋ ತಿಳಿಯದೆ ಅವರು ತಮ್ಮ ಕೊರಳಿಗೇ ಹಾಕಿಕೊಂಡು ಅಂಗಿಯ ಗುಂಡಿ ಹಾಕಿದರು. ಬಳೆಯ ಮೇಲೆ ಪಟ್ಟಿ ಸುತ್ತಿದರು. ಆಮೇಲೆ ನರ್ಸು ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಗೆ ಕೈ ಹಾಕಿದಳು. ಅದರೊಳಗೆ ನನ್ನ ಲಿಂಗ. ಹುಟ್ಟಿದಾಗ ಕಟ್ಟಿದ್ದು, ಒಂದು ದಿನವೂ ಮೈಬಿಟ್ಟು ಇಳಿದಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಜಗ್ಗಿದಳು, ನಾನು ಬಿಡಲಿಲ್ಲ. ಅವಳು ಅದನ್ನು ನಶ್ಯದ ಡಬ್ಬಿ ಎಂದು ತಿಳಿದಿದ್ದಳಂತೆ. ಮುದುಕಿಗೆ ಸಾಯುವ ಹೊತ್ತಿಗೂ ಎಂಥ ಚಟ ಎಂದು ಬೈಯುತ್ತಿದ್ದಳು ಎಂದು ಆಮೇಲೆ ಮೈಬೂಬ ಹೇಳಿದ.

ಹೊರಗೆ ಪಂಚಾಯಿತಿಯೇ ಕೂಡಿತು. ಬಿಡಬಾರದು ಎಂದು ಕೆಲವರು, ಜೀವ ಇದ್ದರೆ ಲಿಂಗ ಎಂದು ಕೆಲವರು. ಮೈಬೂಬ ಪಾಪ, ನಮ್ಮ ಧರ್ಮವನ್ನು ತನ್ನ ಹಿಂದಿಯಲ್ಲಿ ಡಾಕ್ಟರಿಗೆ ವಿವರಿಸುತ್ತ ಬೆವರುತ್ತಿದ್ದ. ದೊಡ್ಡ ಡಾಕ್ಟರು ಪೂರಾ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: ಎದೆಯ ಮೇಲೆಯೇ ಇರಬೇಕೋ, ಮೈಮೇಲೆ ಎಲ್ಲಿದ್ದರೂ ಆದೀತೋ?

"ಅಂಗೈ ಆದ್ರ ಇನ್ನೂ ಛಲೋ" ಎಂದು ನೀಲಮ್ಮ ಕೂಗಿದಳು. "ಪೂಜಿ ಮಾಡೂದೇ ಎಡಗೈಯಾಗ!"

ಆಯಿತು. ಲಿಂಗಕ್ಕೆ ಸ್ಪಿರಿಟ್ಟಿನಿಂದ ಸ್ನಾನ ಮಾಡಿಸಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಎಡ ಅಂಗೈಯಲ್ಲಿಟ್ಟು, ಬೆರಳು ಮಡಚಿ ಮುಷ್ಟಿಯ ಮೇಲೆ ಪಟ್ಟಿ ಸುತ್ತಿದರು. ಸುತ್ತುವಾಗ ಡಾಕ್ಟರು ಒಮ್ಮೆ ಹಣೆಗೆ ಕೈ ಮುಟ್ಟಿಸಿಕೊಂಡದ್ದನ್ನು ನಾನು ಕಂಡೆ. ಅಷ್ಟು ಕಂಡದ್ದೇ ಸಾಕಾಯಿತು. ಈ ಊರಿನಲ್ಲೂ ನನ್ನವರು ಒಬ್ಬರು ಇದ್ದಾರೆ ಎನಿಸಿ ಕಣ್ಣು ಮುಚ್ಚಿದೆ.

ಎಚ್ಚರವಾದಾಗ ಮೊದಲು ಕಂಡದ್ದು ಎಡಗೈ. ಕುಂಬಳಕಾಯಿಯಷ್ಟು ದೊಡ್ಡ ಪಟ್ಟಿ. "ಅಯ್ಯೋ, ಹೊಟ್ಟಿ ಬಿಟ್ಟು ಕೈ ಕೊಯ್ದಾರಲ್ರೀ!" ಎಂದು ಬೊಬ್ಬೆ ಹಾಕಿದೆನಂತೆ. ಅದು ಕೇಳಿ ಹೊರಗೆ ಕೂತಿದ್ದ ಮೂವತ್ತು ಮಂದಿಯೂ ಬದುಕಿದಳು ಎಂದು ಹರಹರ ಮಹಾದೇವ ಅಂದರು. ಮಾಯಾ ಬಂದು ಎಲ್ಲರನ್ನೂ ಗದರಿದಳು. ನೀಲಮ್ಮ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳಂತೆ. ನನ್ನ ಹತ್ತಿರ ಬಂದಾಗ ಮಾತ್ರ, "ಬಾಣಂತನ ತಪ್ಪಿಸಿಕೋಬೇಕಂತ ಮಾಡಿದ್ದಿ, ಆಗಲಿಲ್ಲ ನೋಡು" ಅಂದಳು. ಅವಳ ಕಣ್ಣು ಕೆಂಪಗೆ ಬಾತಿದ್ದವು.

ಬಸ್ಸು ನಮಗಾಗಿ ಎರಡು ದಿನ ಕಾದು ಹೊರಟಿತು; ಯಜಮಾನರೂ ನೀಲಮ್ಮನೂ ನನ್ನ ಜೊತೆ ಉಳಿದರು. ಹೊರಡುವ ದಿನ ಒಬ್ಬೊಬ್ಬರೂ ತಮ್ಮ ಬುತ್ತಿಯಿಂದ ಉಳಿದದ್ದು ಇಟ್ಟುಹೋದರು: ಶೇಂಗಾ ಚಟ್ನಿ, ಅಗಸಿ ಚಟ್ನಿ, ಖಡಕ್ ರೊಟ್ಟಿ. ಮೈಬೂಬ ತನ್ನ ಬಿಸಿನೀರಿನ ಫ್ಲಾಸ್ಕು ಬಿಟ್ಟುಹೋದ. ನನಗೆ ಗಂಜಿ ಮಾತ್ರ. ಮಂಚದ ಕೆಳಗೆ ಇಡೀ ರಾಯಚೂರು ಜಿಲ್ಲೆಯ ಚಟ್ನಿ. ವಾಸನೆ ಕುಡಿದುಕೊಂಡೇ ಎಂಟು ದಿನ ಕಳೆದೆ. ಮಾಯಾ ಒಮ್ಮೆ ಬೆರಳ ತುದಿಯಲ್ಲಿ ಚಟ್ನಿ ನೆಕ್ಕಿ ಒಂದು ಚೊಂಬು ನೀರು ಕುಡಿದಳು. ಮರುದಿನ ಮತ್ತೆ ಬಂದು ಕೈ ಚಾಚಿದಳು.

ಅವಳಿಗೂ ನನಗೂ ಒಂದು ಮಾತೂ ಸಮನಾಗಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಅವಳು ಪರದೆ ಎಳೆದು, ತನ್ನ ಹೊಟ್ಟೆ ತೋರಿಸಿ, ನನ್ನ ಬೆರಳು ಹಿಡಿದು ಹೊಕ್ಕಳ ಮೇಲೆ ಇಟ್ಟುಕೊಂಡಳು. ಅವರ ಹಳ್ಳಿಯಲ್ಲೂ ನನ್ನಂಥ ಮುದುಕಿ ಇರಬೇಕು. ನಾಡಿ ಹಿಡಿದು ನೋಡಿದೆ, ಜಾಗದಲ್ಲೇ ಇತ್ತು. ಆಮೇಲೆ ಡಾಕ್ಟರು ಮಾಡಿದಂತೆ ಬಲಗಡೆ ಒತ್ತಿ, ಚಟ್ಟನೆ ಬಿಟ್ಟೆ. ಅವಳು ನಕ್ಕಳು. ನೋವಿಲ್ಲ. ಛಲೋ ಅದ ಎಂದು ಕೆನ್ನೆ ತಟ್ಟಿದೆ.

ಮೂವರೂ ಬಸ್ಸು, ರೈಲು ಬದಲಿಸುತ್ತ ಊರಿಗೆ ಮರಳಿದೆವು. ಮಾನ್ವಿಗೆ ಬಂದ ಮೇಲೂ ಜನ ಬರುವುದು ಬಿಡಲಿಲ್ಲ. ಈಗಲೂ ನೀವುತ್ತೇನೆ. ಆದರೆ ಮೊದಲು ಒತ್ತಿ ಬಿಡುತ್ತೇನೆ. ಬಿಟ್ಟಾಗ ಯಾರಾದರೂ ಚೀರಿದರೆ, ಜ್ವರ ಇದ್ದರೆ, ಎಣ್ಣೆ ಮುಟ್ಟುವುದಿಲ್ಲ. "ಬಸ್ ಹತ್ತು" ಅನ್ನುತ್ತೇನೆ. ಹೋಗಲು ಒಲ್ಲದವರಿಗೆ ಸೀರೆ ಸರಿಸಿ ಹೊಲಿಗೆ ತೋರಿಸುತ್ತೇನೆ. ಯಜಮಾನರಿಗೆ ನಾಚಿಕೆ. ನನಗಿಲ್ಲ.

ಮೊನ್ನೆ ಮಹಾದೇವಿಗೆ ನೋವು ಬಂದಾಗ ಓಣಿಯ ಹಿರಿಯರೆಲ್ಲ ಕೂಡಿದರು. "ಊರ ಹೊಟ್ಟಿ ನೋಡಾಕಿ ನೀನು, ಮಗಳನ್ನ ರಾಯಚೂರಿಗೆ ಯಾಕ ಒಯ್ತೀ? ಮನ್ಯಾಗ ಹಡೀಲಿ" ಅಂದರು. ನಾನು ಆಗಲೇ ಗಂಟು ಕಟ್ಟಿದ್ದೆ. ನೀಲಮ್ಮ ದೇವದುರ್ಗದಿಂದ ಅಳಿಯನನ್ನೂ ಬೀಗಪ್ಪನವರನ್ನೂ ಕರೆದುಕೊಂಡು ನೇರ ಆಸ್ಪತ್ರೆಗೇ ಬಂದಳು. ಬೀಗಪ್ಪನವರು ಬಸ್ಸಿನಲ್ಲಿ ಮೂರು ಸಲ ವಾಂತಿ ಮಾಡಿಕೊಂಡಿದ್ದರು. ಹೆರಿಗೆ ಯಾರಿಗೆ ಎಂದು ನರ್ಸು ಕೇಳುವಂತಿದ್ದರು.

ಪಡಸಾಲೆಯಲ್ಲಿ ಕೂತೆವು. ನೀಲಮ್ಮ ನನ್ನ ಕೈ ಹಿಡಿದಳು, ನಾನು ಬಿಡಿಸಿಕೊಳ್ಳಲಿಲ್ಲ. ಒಳಗಿನಿಂದ ಅಳು ಕೇಳಿದಾಗ ಇಬ್ಬರೂ ಒಟ್ಟಿಗೆ ಎದ್ದೆವು, ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಕೊಂಡೆವು. ಕೂಸನ್ನು ಎತ್ತಿಕೊಂಡು ಬಂದ ಆಸ್ಪತ್ರೆಯ ಆಯಾ, ಮೊದಲು ಯಾರಿಗೆ ಕೊಡಲಿ ಅಂದಳು. "ಇಕಿಗೆ ಕೊಡು" ಅಂದಳು ನೀಲಮ್ಮ. "ಇದಕ್ಕೋಸ್ಕರ ಪರದೇಶದಾಗ ಹೊಟ್ಟಿ ಕೊಯ್ಸಿಕೊಂಡಾಳ."

ಸಂಜೆ ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಚಾಪೆ ಹಾಸಿದೆವು. ಮಹಾದೇವಿಯೂ ಕೂಸೂ ಕಿಟಕಿಯ ಪಕ್ಕದ ಮಂಚದಲ್ಲೇ ಇದ್ದರು. ಅವಳಿಗೆ ಒಳಗೆ ತುಪ್ಪ ಹಾಕಿದ ಮೆತ್ತನೆಯ ಅನ್ನ, ನಮಗೆ ಹೊರಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ಹೆಣ್ಣು ಎಂದು ಕೇಳಿದ ಕೂಡಲೆ ಮೈಬೂಬ ತನ್ನ ಹೆಂಡತಿಯ ಕೈಯಲ್ಲಿ ಶ್ಯಾವಿಗೆ ಪಾಯಸ ಮಾಡಿಸಿಕೊಂಡು ಸ್ಟೇಷನ್ ರೋಡಿನಿಂದ ಬಂದಿದ್ದ. ಅವನೂ ನಮ್ಮ ಸಾಲಿನಲ್ಲೇ ಕೂತ. ಬೀಗಪ್ಪನವರಿಗೂ ಹಸಿವು ಬಂದಿತ್ತು. ಅಳಿಯ ಉಣ್ಣುವುದು ಬಿಟ್ಟು ಕಿಟಕಿಯನ್ನೇ ನೋಡುತ್ತಿದ್ದ. ಮೂಗು ಯಾರದೆಂದು ಎಲ್ಲರೂ ತುತ್ತು ಬಾಯಲ್ಲಿಟ್ಟುಕೊಂಡೇ ಜಗಳಾಡುತ್ತಿದ್ದಾಗ ನರ್ಸು ಬಂದಳು.

"ಏನ್ರೀ ಇದು, ಆಸ್ಪತ್ರೀನೋ ಮದುವಿ ಮನೀನೋ?"

"ಬರ್ರಿ ಸಿಸ್ಟರ್, ಕೂಡ್ರಿ" ಎಂದು ಯಜಮಾನರು ಸರಿದು ಜಾಗ ಮಾಡಿದರು. ಅವಳು ಒಂದು ಗಳಿಗೆ ಅತ್ತಿತ್ತ ನೋಡಿ, ಚಾಪೆಯ ತುದಿಗೆ ಕೂತು ಕೈ ಚಾಚಿದಳು. ನೀಲಮ್ಮ ಅವಳಿಗೊಂದು ರೊಟ್ಟಿ, ನನಗೊಂದು ರೊಟ್ಟಿ ಹಾಕಿದಳು. ನನಗದು ಮೂರನೆಯದು. ಎಣ್ಣೆಗಾಯಿ ಹಚ್ಚಿಕೊಂಡು ಪೂರಾ ತಿಂದೆ. ಹೊಟ್ಟೆ ಏನೂ ಅನ್ನಲಿಲ್ಲ.